ಎರಡನೇ ಮಗ್ಗುಲು, ಮೂರನೇ ಹಾಡು

ಬ್ಯಾಂಡಿನ ಹೆಸರು ಹೇಳುವುದಿಲ್ಲ,
ಹೇಳಿದರೆ ಈಗಲೂ ಜಗಳ ಶುರು.
ಇಂಗ್ಲೆಂಡಿನ ನಾಲ್ವರು, ಉದ್ದ ಕೂದಲು, ಅಷ್ಟು ಸಾಕು.
ಗೋಣಿಕೊಪ್ಪಲಿನಲ್ಲಿ ಅವರನ್ನು ಮೊದಲು ತಕ್ಕಡಿಗೆ ಹಾಕಿದವಳು ನಾನು:
ಫಿರೋಜ್‌ಪುರದಿಂದ ಹವಾಲ್ದಾರ್ ಕುಟ್ಟಯ್ಯನ ಪಾರ್ಸೆಲ್ಲು,
ಬಿಳಿಬಟ್ಟೆಯ ಹೊಲಿಗೆ, ಅರಗಿನ ಐದು ಮುದ್ರೆ,
ಮುನ್ನೂರ ನಲವತ್ತು ಗ್ರಾಂ.
ಒಳಗೇನಿದೆ ಎಂದು ಅಂಚೆಯವರು ಕೇಳಬಾರದು.
ಕೇಳಿದೆ.

ಭಾನುವಾರ ಕೆಳಗೆ ಸಂತೆ,
ಒಣಮೀನಿನ ವಾಸನೆ ಮರದ ಮೆಟ್ಟಿಲು ಹತ್ತಿ
ಮೊಯ್ದುವಿನ ರೇಡಿಯೊ ರಿಪೇರಿ ಅಂಗಡಿಗೆ ಬರುತ್ತಿತ್ತು,
ನಾವೂ.
ಅಮ್ಮತ್ತಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಚಪ್ಪಲಿಯನ್ನೂ ಬಿಡದೆ ಬೊಳ್ಳಮ್ಮ:
"ಮೊದಲನೇ ಆಲ್ಬಮ್ಮೇ. ಆಮೇಲೆ
ತಾವು ಯಾರೆಂದು ಅವರಿಗೇ ಗೊತ್ತಾಗಿಹೋಯಿತು."
ಪಳಂಗಪ್ಪ ಮೇಷ್ಟ್ರಿಗೆ ಜೋಡಿ ತಟ್ಟೆಯದ್ದು:
"ನಾಲ್ಕು ಮಗ್ಗುಲಲ್ಲಿ ಒಂದೂವರೆ ಕಸ, ಒಪ್ಪಿದೆ.
ಗದ್ದೆ ಅಂದಮೇಲೆ ಏಡಿ ಬಿಲವೂ ಇರಬೇಕು."
ಮೇದರ ಪೊನ್ನುವಿಗೆ ಆಲ್ಬಮ್ಮು ಬೇಡ, ಹಾಡೂ ಬೇಡ,
ಡ್ರಮ್ಮಿನವನೊಬ್ಬ ಸಾಕು:
"ಕೂದಲೆಳೆಯಷ್ಟು ತಡಮಾಡಿ ಹೊಡೀತಾನೆ, ನೋಡಿ.
ಸಾವಿನ ಮನೆಯಲ್ಲಿ ನಾವೂ ಹಾಗೇ.
ಹೊತ್ತವರ ಹೆಜ್ಜೆ ಮೊದಲು, ಪೆಟ್ಟು ಆಮೇಲೆ."
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಒಂದು ಸಲ ಮತಕ್ಕೇ ಹಾಕಿದೆವು.
ನೆಲದ ಮೇಲೆ ಕವರುಗಳು ಸಾಲಾಗಿ,
ತಲೆಗೆ ಮೂರು ಕಾಫಿಬೀಜ.
ಮೇಷ್ಟ್ರು ಹುಡುಕಿ ಹುಡುಕಿ ಒಂಟಿಬೀಜವನ್ನೇ ತಂದಿದ್ದರು:
"ಎರಡರ ಜಾಗ ಒಂದೇ ತಿಂದಿದೆ,
ಹಾಗಾಗಿ ಎರಡು ಮತ."
ವಾದ ಕತ್ತಲಾಗುವ ತನಕ. ಎಣಿಕೆ ಮುಂದಿನ ವಾರಕ್ಕೆ.
ಮುಂದಿನ ವಾರ ಡಬ್ಬಿ ಖಾಲಿ.
ಬೊಳ್ಳಮ್ಮ ಹುರಿದು, ಪುಡಿಮಾಡಿ, ಬೆಲ್ಲ ಹಾಕಿ
ನಮ್ಮ ಮತವನ್ನು ನಮಗೇ ಕುಡಿಸಿದ್ದಳು,
ಲೋಟದ ತಳ ಕಂಡಮೇಲೆ ಹೇಳಿದಳು.

ಮೊಯ್ದು ಮತ ಹಾಕಿದವನಲ್ಲ.
"ಎಲ್ಲವನ್ನೂ ತಪ್ಪು ಸ್ಪೀಡಿನಲ್ಲಿ ಕೇಳಿದವನು ನಾನು,
ಬೆಲ್ಟು ಸರಿಹೋಗುವ ಮೊದಲು.
ಆಗ ಎಲ್ಲವೂ ಚೆನ್ನಾಗಿರುತ್ತವೆ."

ನನ್ನದು ಯಾವುದು ಎಂದು ಯಾರೂ ಕೇಳಲಿಲ್ಲ,
ತೂಕದವಳಲ್ಲವೆ ನಾನು.
ಎರಡನೇ ಮಗ್ಗುಲು, ಮೂರನೇ ಹಾಡು.
ಕೈಲ್‌ಪೊಳ್ದಿನ ದಿನ ಕುಟ್ಟಯ್ಯ ರಜೆಯಲ್ಲಿದ್ದ.
ಅವನ ಮನೆಯ ಜಗಲಿಯಲ್ಲಿ ತಟ್ಟೆ ತಿರುಗುತ್ತಿದ್ದಾಗ
ಅಂಗಳದಲ್ಲಿ ಯಾರೋ ಮರದ ತುದಿಯ ತೆಂಗಿನಕಾಯಿಗೆ
ಗುಂಡು ಹೊಡೆದರು.
ಕಾಯಿಗೆ ಏನೂ ಆಗಲಿಲ್ಲ.
ಒಳಗೆ ಮುಳ್ಳು ಎಗರಿ
ಹಾಡಿನ ಮೇಲೆ ಕೂದಲಿನಂಥ ಗೀರು.
ಅಂದಿನಿಂದ ಆ ಹಾಡು ನಮ್ಮೂರಿನಲ್ಲಿ
ಒಂದು ಹೆಜ್ಜೆ ನುಂಗಿಯೇ ನಡೆದದ್ದು.
ನಾವು ಹಾಗೇ ಕಲಿತೆವು, ಹಾಗೇ ಗುನುಗಿದೆವು.
ಸೀಲು ಒತ್ತುವಾಗ ನನ್ನ ಕೈ ಕೂಡ
ಒಂದು ಕಾಗದ ಬಿಟ್ಟು ಮುಂದಿನದಕ್ಕೆ.
ಕುಟ್ಟಯ್ಯ ತಿರುಗಿ ಗಡಿಗೆ ಹೋದ.
ಕೊನೆಯ ಪಾರ್ಸೆಲ್ಲು ನಾನು ತೂಗಲಿಲ್ಲ,
ಅದು ಅಂಚೆಯಲ್ಲಿ ಬರಲಿಲ್ಲ.
ಪೊನ್ನು ಬಾರಿಸಿದ, ಕೂದಲೆಳೆಯಷ್ಟು ತಡಮಾಡಿ.

ಮೊನ್ನೆ ಮೊಯ್ದುವಿನ ಮೊಮ್ಮಗಳು ರಿಫಾನಾ
ಫೋನಿನಲ್ಲಿ ಅದೇ ಹಾಡು ಹಾಕಿದಳು.
ತೊಳೆದಿಟ್ಟ ಪಾತ್ರೆಯ ಹಾಗೆ ದನಿ.
ಗೀರು ಬರುವ ಜಾಗಕ್ಕೆ ಮೈ ತಾನಾಗಿ ಸಜ್ಜಾಯಿತು.
ಮೂವತ್ತೊಂಬತ್ತು ವರ್ಷ ನಮ್ಮಿಂದ ತಪ್ಪಿಸಿಕೊಂಡದ್ದು
ಯಾವ ಮಾತೋ, ಯಾವ ಗುಟ್ಟೋ ಎಂದು
ಕಿವಿಗೊಟ್ಟು ಕೂತೆ.

ಅಲ್ಲಿ ಮಾತಿರಲಿಲ್ಲ.
ಹಾಡುವವನು ಮುಂದಿನ ಸಾಲಿಗೆ
ಉಸಿರು ಎಳೆದುಕೊಂಡ, ಅಷ್ಟೆ.

ಬೊಳ್ಳಮ್ಮನಿಗೆ ಫೋನು ಮಾಡಿ ಹೇಳಿದೆ.
"ಹೌದೇ," ಅಂದಳು. ಅತ್ತ ಕಡೆ ಕುಕ್ಕರು ಕೂಗಿತು.
"ಆದರೂ ಮೊದಲನೇ ಆಲ್ಬಮ್ಮೇ."